ಲೆಕ್ಕದ ಮೇಜಿನಲ್ಲಿ ಅಲೆಯುವ ಮನಸ್ಸು

ಬೀಳಗಿ ತಾಲ್ಲೂಕಿನ ಗಲಗಲಿ ಕೃಷ್ಣೆಯ ದಡದ ಊರು. ಗಾಲವ ಮಹರ್ಷಿಗಳು ತಪಸ್ಸು ಮಾಡಿದ ನೆಲವೆಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಹರಿದಾಸ ಸಾಹಿತ್ಯವನ್ನು ಬಲ್ಲವರಿಗೆ ಅದು ಗಲಗಲಿ ಅವ್ವನ ಊರು. ಸಂಸ್ಕೃತಜ್ಞರಿಗೆ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದ ಪಂಢರಿನಾಥಾಚಾರ್ಯ ಗಲಗಲಿಯವರ ಊರು. ತಪಸ್ಸು, ಭಜನೆ, ಶಾಸ್ತ್ರಪಾಠ ಇವೆಲ್ಲವೂ ಚಿತ್ತದ ಏಕಾಗ್ರತೆಯನ್ನೇ ಬೇಡುವಂಥವು. ಇಂಥ ಊರಿನಲ್ಲಿ ಪುಸ್ತಕದ ಮುಂದೆ ಹತ್ತು ನಿಮಿಷ ಕೂಡಲಾರದ ಹುಡುಗನೊಬ್ಬ ಹುಟ್ಟಿದರೆ ಅವನಿಗೆ ಸಿಗುವ ಬಿರುದು ಯಾವುದೆಂದು ಓದುಗರಿಗೆ ಬೇರೆ ಹೇಳಬೇಕಾಗಿಲ್ಲ.

ಅಂಥ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರಿಲ್ಲ. ಮನೆಗೆ ಬಂದ ಕಬ್ಬಿನ ಬಿಲ್ಲನ್ನು ಒಮ್ಮೆ ಕಣ್ಣಾಡಿಸಿ, ತೂಕಕ್ಕೂ ದರಕ್ಕೂ ಹೊಂದಾಣಿಕೆ ಇಲ್ಲವೆಂದು ಹೇಳಬಲ್ಲ. ಆದರೆ ಶಾಲೆಗೆ ಒಯ್ದ ಕಂಪಾಸು ಪೆಟ್ಟಿಗೆ ವರ್ಷಕ್ಕೆ ಮೂರು ಬಾರಿ ಕಳೆಯುತ್ತದೆ. ಉತ್ತರಪತ್ರಿಕೆಯ ಕೊನೆಯ ಪುಟವನ್ನು ತಿರುವಿಯೇ ನೋಡದೆ ಎದ್ದುಬರುತ್ತಾನೆ. ‘ಬುದ್ಧಿ ಇದೆ, ಲಕ್ಷ್ಯ ಇಲ್ಲ’ ಎಂದು ಗುರುಗಳು ಪ್ರಗತಿಪತ್ರದಲ್ಲಿ ಬರೆಯುತ್ತಾರೆ. ಹೇಗೋ ಬಿ.ಕಾಂ. ಮುಗಿಯುತ್ತದೆ. ಲೆಕ್ಕದಲ್ಲಿ ಚುರುಕಾದ ಹುಡುಗ ಚಾರ್ಟರ್ಡ್ ಅಕೌಂಟೆಂಟ್ ಆಗಲೆಂದು ಮನೆಯವರು ಅವನನ್ನು ಬೆಂಗಳೂರಿಗೋ ಪುಣೆಗೋ ಕಳಿಸುತ್ತಾರೆ.

ಕಷ್ಟದ ಆರಂಭ ಅಲ್ಲಿಂದ. 1949ರಲ್ಲಿ ಸ್ಥಾಪನೆಯಾದ ಲೆಕ್ಕಪರಿಶೋಧಕರ ಸಂಸ್ಥೆಯ ಪರೀಕ್ಷೆಗಳ ನಿಯಮ ಬಲು ಬಿಗಿ. ಪ್ರತಿಯೊಂದು ಪತ್ರಿಕೆಯಲ್ಲಿ ನೂರಕ್ಕೆ 40, ಒಟ್ಟಿನಲ್ಲಿ ನೂರಕ್ಕೆ 50 ಅಂಕಗಳು ಬರಬೇಕು. ಉಳಿದ ಪತ್ರಿಕೆಗಳಲ್ಲಿ ಮಿಂಚಿ ಒಂದರಲ್ಲಿ ಮೈಮರೆತರೆ ತೇರ್ಗಡೆ ಸಿಗುವುದಿಲ್ಲ. 2023ರಲ್ಲಿ ಜಾರಿಗೆ ಬಂದ ಹೊಸ ವ್ಯವಸ್ಥೆಯಂತೆ ಎರಡು ವರ್ಷ ಹಿರಿಯ ಲೆಕ್ಕಿಗರ ಕೈಕೆಳಗೆ ದುಡಿಯಬೇಕು. ಬೆಳಗಿನಿಂದ ಸಂಜೆಯವರೆಗೆ ವೋಚರುಗಳ ರಾಶಿ, ರಾತ್ರಿ ಓದು. ಅದನ್ನು ದಾಟಿ ಬ್ಯಾಂಕನ್ನೋ ಹಣಕಾಸಿನ ಕಂಪನಿಯನ್ನೋ ಸೇರಿದರೆ ತಿಂಗಳ ಕೊನೆ, ತ್ರೈಮಾಸಿಕದ ಕೊನೆ, ಮಾರ್ಚಿ 31. ಈ ಉದ್ಯೋಗದಲ್ಲಿ ಒಂದು ಸೊನ್ನೆ ಅತ್ತಿತ್ತ ಸರಿದರೆ ಅದು ಕಾಗುಣಿತದ ತಪ್ಪಲ್ಲ, ಇನ್ನೊಬ್ಬರ ಹಣ.

ಕುತೂಹಲದ ಸಂಗತಿಯೆಂದರೆ, ಇದೇ ಹುಡುಗ ಷೇರು ಪೇಟೆಯ ಏರಿಳಿತದ ನಕ್ಷೆಯ ಮುಂದೆ ಊಟ ಮರೆತು ಆರು ಗಂಟೆ ಕುಳಿತಿರಬಲ್ಲ. ಮನೆಯವರು ಎಡವುವುದು ಇಲ್ಲಿಯೇ. ‘ಬೇಕಾದದ್ದಕ್ಕೆ ಲಕ್ಷ್ಯ ಬರುತ್ತದೆ, ಬೇಡವಾದದ್ದಕ್ಕೆ ಬರುವುದಿಲ್ಲ, ಇದು ಸೋಮಾರಿತನವೇ ಸರಿ’ ಎಂದು ತೀರ್ಪು ಕೊಡುತ್ತಾರೆ. ವೈದ್ಯರು ಹೇಳುವುದು ಬೇರೆ. ಈ ಮನಸ್ಸಿನಲ್ಲಿ ಲಕ್ಷ್ಯವೆಂಬುದು ಇಲ್ಲವೆಂದಲ್ಲ. ಅದರ ಲಗಾಮು ಕೈಗೆ ಸಿಗುವುದಿಲ್ಲ. ಹೊಸದು, ರೋಚಕವಾದುದು, ತತ್‌ಕ್ಷಣದ ಗಡುವುಳ್ಳದ್ದು ಅದನ್ನು ಸೆಳೆದುಕೊಳ್ಳುತ್ತದೆ. ಮುಂದಿನ ತಿಂಗಳು ಬೇಕಾಗುವ ಕೆಲಸಕ್ಕೆ ಅದನ್ನು ತಾನಾಗಿ ತಿರುಗಿಸುವುದೇ ದುಸ್ತರ. ಮಿದುಳಿನ ಡೋಪಮೀನ್, ನಾರ್‌ಅಡ್ರಿನಲೀನ್ ಎಂಬ ರಾಸಾಯನಿಕಗಳ ವ್ಯವಹಾರಕ್ಕೂ ಇದಕ್ಕೂ ಸಂಬಂಧವಿದೆ. ವಂಶವಾಹಿಯ ಪಾಲೂ ದೊಡ್ಡದು. ಮಗನನ್ನು ಬೈಯುವ ತಂದೆ ತಮ್ಮ ಬಾಲ್ಯವನ್ನು ಕೊಂಚ ನೆನೆಯುವುದು ಲೇಸು.

ಇದು ಮೊಬೈಲ್ ಯುಗದ ಬೇನೆಯೆಂಬ ಮಾತು ಪೂರ್ತಿ ನಿಜವಲ್ಲ. ಸ್ಕಾಟ್ಲೆಂಡಿನ ವೈದ್ಯ ಅಲೆಗ್ಸಾಂಡರ್ ಕ್ರೈಟನ್ 1798ರಲ್ಲಿಯೇ, ಯಾವುದರ ಮೇಲೂ ಮನಸ್ಸು ನಿಲ್ಲದವರನ್ನು ಕುರಿತು ಬರೆದಿದ್ದ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಚೆನ್ನಾಗಿದ್ದರೂ ಹತೋಟಿ ಸಾಲದ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನಿತ್ತ. ಅಮೆರಿಕದ ಮನೋವೈದ್ಯರು ಇದಕ್ಕೆ ಗಮನದ ಕೊರತೆಯೆಂಬ ಹೆಸರಿಟ್ಟದ್ದು 1980ರಲ್ಲಿ, ಎ.ಡಿ.ಎಚ್.ಡಿ. ಎಂಬ ಈಗಿನ ಹೆಸರು 1987ರದು. ದೊಡ್ಡವರಾದ ಮೇಲೆ ಇದು ತಾನಾಗಿ ಮಾಯವಾಗುತ್ತದೆಂದು ಬಹುಕಾಲ ನಂಬಲಾಗಿತ್ತು. ಅನೇಕರಲ್ಲಿ ಆಗುವುದಿಲ್ಲ. ಬಾಲ್ಯದ ಓಡಾಟ ಅಡಗುತ್ತದೆ, ಒಳಗಿನ ಅಲೆದಾಟ ಉಳಿಯುತ್ತದೆ. ಹೆಣ್ಣುಮಕ್ಕಳಲ್ಲಂತೂ ಓಡಾಟವೇ ಕಡಿಮೆಯಾದ್ದರಿಂದ ‘ಕನಸು ಕಾಣುವ ಹುಡುಗಿ’ ಎಂಬ ಮಾತಿನಲ್ಲಿಯೇ ವಿಷಯ ಮುಗಿದುಹೋಗುತ್ತದೆ.

ಹಾಗಾದರೆ ಇಂಥವರು ಹಣಕಾಸಿನ ಉದ್ಯೋಗಕ್ಕೆ ತಕ್ಕವರಲ್ಲವೆ? ಈ ಪ್ರಶ್ನೆಗೆ ಲೆಕ್ಕಶಾಸ್ತ್ರದ ಚರಿತ್ರೆಯೇ ಒಂದು ಸ್ವಾರಸ್ಯದ ಉತ್ತರ ಕೊಡುತ್ತದೆ. 1494ರಲ್ಲಿ ವೆನಿಸ್ ನಗರದಲ್ಲಿ ಲೂಕಾ ಪಚೋಲಿ ಎಂಬ ಸನ್ಯಾಸಿ ಅಚ್ಚು ಹಾಕಿಸಿದ ಗಣಿತಗ್ರಂಥದಲ್ಲಿ ವ್ಯಾಪಾರಿಗೆ ಮೂರು ಪುಸ್ತಕಗಳನ್ನು ವಿಧಿಸಿದ್ದಾನೆ. ನಡೆದದ್ದನ್ನು ನಡೆದ ಕ್ಷಣದಲ್ಲಿಯೇ ಗೀಚಿಡಲು ಒಂದು ಕಚ್ಚಾ ಪುಸ್ತಕ. ಅದನ್ನು ಕ್ರಮಪಡಿಸಿ ಬರೆಯಲು ಎರಡನೆಯದು. ಖಾತೆವಾರು ವಿಂಗಡಿಸಲು ಮೂರನೆಯದು. ಪ್ರತಿಯೊಂದು ವ್ಯವಹಾರವನ್ನೂ ಜಮೆಯಲ್ಲೊಮ್ಮೆ, ಖರ್ಚಿನಲ್ಲೊಮ್ಮೆ ಬರೆಯಬೇಕು. ಎರಡು ಬದಿ ತಾಳೆಯಾಗದಿದ್ದರೆ ತಪ್ಪು ತಾನಾಗಿ ಕೂಗಿ ಹೇಳಬೇಕು. ನಮ್ಮ ಸೀಮೆಯ ಅಡತಿ ಅಂಗಡಿಗಳ ದಿವಾಣಜಿಗಳೂ ಇದನ್ನೇ ಮಾಡುತ್ತಿದ್ದರು. ಕೀರ್ದಿ ಬರೆದು, ಖಾತೆಗೆ ಏರಿಸಿ, ಸಂಜೆ ಶಿಲ್ಕು ಎಣಿಸಿದ ಮೇಲೆಯೇ ಬಾಗಿಲು ಹಾಕುವುದು.

ಇಷ್ಟೆಲ್ಲ ಏತಕ್ಕೆ? ಮನುಷ್ಯನ ಲಕ್ಷ್ಯ ತಪ್ಪುತ್ತದೆಂದು ಅವರಿಗೆ ಗೊತ್ತಿತ್ತು. ಯಾವ ವ್ಯಾಧಿಯೂ ಇಲ್ಲದವರ ಲಕ್ಷ್ಯವೂ ತಪ್ಪುತ್ತದೆ. 2005ರ ಡಿಸೆಂಬರಿನಲ್ಲಿ ಟೋಕಿಯೋದ ಮಿಜುಹೋ ಸೆಕ್ಯುರಿಟೀಸ್ ಸಂಸ್ಥೆಯವರು ಒಂದು ಷೇರನ್ನು 6,10,000 ಯೆನ್ನಿಗೆ ಮಾರುವ ಬದಲು 6,10,000 ಷೇರುಗಳನ್ನು ತಲಾ ಒಂದು ಯೆನ್ನಿಗೆ ಮಾರಾಟಕ್ಕಿಟ್ಟರು. ನಷ್ಟ ಸುಮಾರು 4,000 ಕೋಟಿ ಯೆನ್. 2020ರ ಆಗಸ್ಟಿನಲ್ಲಿ ಸಿಟಿಬ್ಯಾಂಕು, ಕೇವಲ ಬಡ್ಡಿ ಕಳಿಸಬೇಕಾಗಿದ್ದಲ್ಲಿ ಸುಮಾರು 90 ಕೋಟಿ ಡಾಲರುಗಳನ್ನು ಸಾಲಿಗರಿಗೆ ಕಳಿಸಿಬಿಟ್ಟಿತು. ಅದನ್ನು ಮೂವರು ನೋಡಿ ಒಪ್ಪಿದ್ದರು! ಆದ್ದರಿಂದಲೇ ಬ್ಯಾಂಕುಗಳಲ್ಲಿ ಬರೆಯುವವನೊಬ್ಬ, ಪರಿಶೀಲಿಸುವವನೊಬ್ಬ ಎಂಬ ಕಟ್ಟುಪಾಡು ಇರುವುದು. ಗಮನದ ಕೊರತೆಯುಳ್ಳವನು ತನ್ನ ದಿನಚರಿಗೆ ಬೇಕಾದ ಊರೆಗೋಲನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅವನ ವೃತ್ತಿ ನಿಂತಿರುವುದೇ ಅದರ ಮೇಲೆ.

ತನಗಾಗಿಯೂ ಒಂದು ಕಚ್ಚಾ ಪುಸ್ತಕವನ್ನು ಅವನು ಇಟ್ಟುಕೊಳ್ಳಬೇಕು. ಮೇಲಧಿಕಾರಿ ನಡೆದಾಡುತ್ತ ಹೇಳಿದ ಕೆಲಸ, ಫೋನಿನಲ್ಲಿ ಬಂದ ಬೇಡಿಕೆ, ತಟ್ಟನೆ ಹೊಳೆದ ಸಂಶಯ ಎಲ್ಲವೂ ಆ ಕ್ಷಣದಲ್ಲಿಯೇ ಅದರಲ್ಲಿ ಬೀಳಬೇಕು. ‘ನೆನಪಿಟ್ಟುಕೊಳ್ಳುತ್ತೇನೆ’ ಎಂಬ ಮಾತು ಅವನ ಬಾಯಲ್ಲಿ ಬರಲೇಬಾರದು. ಪುಸ್ತಕ ಒಂದೇ ಇರಲಿ. ಐದು ಚೀಟಿ, ಮೂರು ಆ್ಯಪುಗಳಾದರೆ ಅವನ್ನು ಹುಡುಕುವುದೇ ಆರನೆಯ ಕೆಲಸವಾದೀತು. ‘31ರೊಳಗೆ ವರದಿ’ ಎಂಬ ದೂರದ ಗಡುವು ಇಂಥ ಮನಸ್ಸಿಗೆ ತಟ್ಟುವುದಿಲ್ಲ. ‘ಇಂದು ಮೂರು ಗಂಟೆಗೆ ಬ್ಯಾಂಕಿನ ತಾಳೆಪಟ್ಟಿಯ ಮೊದಲ ಪುಟವನ್ನು ಸಹೋದ್ಯೋಗಿಗೆ ತೋರಿಸಬೇಕು’ ಎಂಬ ಹತ್ತಿರದ ಗಡುವು ತಟ್ಟುತ್ತದೆ. ಪಕ್ಕದಲ್ಲಿ ಮತ್ತೊಬ್ಬರು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರೂ ಸಾಕು, ಎಷ್ಟೋ ಜನರ ಕೈ ಓಡುತ್ತದೆ. ಇನ್ನೊಂದು: ಮಾಡಿದ ಲೆಕ್ಕವನ್ನು ಆಗಲೇ ತಿರುವಿ ನೋಡಬಾರದು. ಎದ್ದು ಹೋಗಿ ನೀರು ಕುಡಿದು ಬಂದು, ಬರೆದಿಟ್ಟ ತಪಾಸಣಾ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ನೋಡಬೇಕು.

ನಮ್ಮ ನಾಡಿನ ಅಷ್ಟಾವಧಾನವನ್ನು ನೋಡಿದವರಿಗೆ ಗೊತ್ತು: ಪೃಚ್ಛಕರಲ್ಲಿ ಅಪ್ರಸ್ತುತ ಪ್ರಸಂಗದವನೆಂದು ಒಬ್ಬನಿರುತ್ತಾನೆ. ಅವಧಾನಿ ಪದ್ಯ ಕಟ್ಟುತ್ತಿರುವಾಗ ಅಡ್ಡಬಂದು ಏನೇನೋ ಕೇಳಿ ಮನಸ್ಸನ್ನು ಕದಲಿಸುವುದೇ ಅವನ ಕಾಯಕ. ಈಗಿನ ಕಚೇರಿಯಲ್ಲಿ ಆ ಪಾತ್ರವನ್ನು ವಾಟ್ಸಾಪು ವಹಿಸಿಕೊಂಡಿದೆ. ಅವಧಾನಿಗಾದರೋ ಎದುರಿಗೆ ಒಬ್ಬನೇ. ನಮ್ಮ ಗುಮಾಸ್ತನ ಜೇಬಿನಲ್ಲಿ ಇನ್ನೂರು ಜನ. ಕಠಿಣ ಲೆಕ್ಕದ ಒಂದು ಗಂಟೆಯಾದರೂ ಫೋನು ಬೇರೆ ಕೋಣೆಯಲ್ಲಿರುವುದು ಒಳಿತು. ಮೇಜಿನ ಮೇಲೆ ಬೋರಲು ಹಾಕಿಟ್ಟರೆ ಸಾಲದು.

ಉಪಾಯಗಳಿಂದಲೇ ಎಲ್ಲವೂ ನೀಗುವುದಿಲ್ಲ. ಔಷಧಿಯ ಮಾತೆತ್ತಿದರೆ ಗೃಹಸ್ಥರು ಹೌಹಾರುತ್ತಾರೆ. ಈ ತೊಂದರೆಗೆ ಹೆಚ್ಚು ಬಳಕೆಯಲ್ಲಿರುವ ಮೀಥೈಲ್‌ಫೆನಿಡೇಟನ್ನು ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪಾನಿಜ್ಜೊನ್ 1944ರಲ್ಲಿ ತಯಾರಿಸಿದ. ಹೆಂಡತಿ ಮಾರ್ಗರಿಟಳ ಅಕ್ಕರೆಯ ಹೆಸರು ರೀಟಾ ಆದ್ದರಿಂದ ಅದು ರಿಟಾಲಿನ್ ಆಯಿತು. ಭಾರತದಲ್ಲಿ ಅದು ಬಿಗಿ ಕಾನೂನಿನ ಹತೋಟಿಯಲ್ಲಿರುವ ಔಷಧಿ. ಪರೀಕ್ಷೆಯ ಮುನ್ನಾದಿನ ಗೆಳೆಯನಿಂದ ಕೇಳಿ ಪಡೆದು ನುಂಗುವುದು ಅಪಾಯವೂ ಹೌದು, ಅಪರಾಧವೂ ಹೌದು. ಉತ್ತೇಜಕವಲ್ಲದ ಅಟೊಮಾಕ್ಸೆಟಿನ್ ಎಂಬುದೂ ಇದೆ. ಯಾರಿಗೆ ಯಾವುದು, ಬೇಕೋ ಬೇಡವೋ ಎಂಬುದನ್ನು ಮನೋವೈದ್ಯರೇ ಹೇಳಬೇಕು. ಹೃದಯ, ರಕ್ತದೊತ್ತಡಗಳನ್ನು ಅವರು ಮೊದಲು ನೋಡುತ್ತಾರೆ. ನಿದ್ರೆಯ ಕೊರತೆ, ಥೈರಾಯ್ಡ್ ದೋಷ, ಖಿನ್ನತೆ, ಆತಂಕ ಇವೂ ಲಕ್ಷ್ಯವನ್ನು ಕೆಡಿಸುವುದರಿಂದ, ಮೊಬೈಲಿನಲ್ಲಿ ಹತ್ತು ಪ್ರಶ್ನೆಗಳಿಗೆ ಉತ್ತರಿಸಿ ತಾನೇ ರೋಗನಿರ್ಣಯ ಮಾಡಿಕೊಳ್ಳುವುದು ಸಲ್ಲದು.

ಕಚೇರಿಯಲ್ಲಿ ಹೇಳಿಕೊಳ್ಳಬೇಕೆ? ನನ್ನ ಅಭಿಪ್ರಾಯದಲ್ಲಿ ರೋಗದ ಹೆಸರಿಗಿಂತ ಅಗತ್ಯವನ್ನು ಹೇಳುವುದು ಸುಲಭ. ‘ಸೂಚನೆಗಳನ್ನು ದಯವಿಟ್ಟು ಬರೆದು ಕಳಿಸಿ’ ಎಂದು ಕೇಳಿದರೆ ಯಾವ ವಿವೇಕಿ ಅಧಿಕಾರಿಯೂ ಕಾರಣ ಕೇಳಲಾರ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳ ಪಟ್ಟಿಯಲ್ಲಿ ಕಲಿಕೆಯ ನ್ಯೂನತೆಯ ಹೆಸರಿದೆ, ಎ.ಡಿ.ಎಚ್.ಡಿ.ಯ ಹೆಸರಿಲ್ಲ; ಕಾನೂನಿನ ಆಸರೆ ಈ ಮಟ್ಟಿಗೆ ಮಬ್ಬಾದುದು. ಕೆಲಸವನ್ನು ಆರಿಸಿಕೊಳ್ಳುವಾಗಲೂ ಎಚ್ಚರ ಬೇಕು. ದಿನಕ್ಕೊಂದು ಕಂಪನಿಯ ದಫ್ತರವನ್ನು ತೆರೆಸುವ ಆಡಿಟ್ ಕೆಲಸ ಇಂಥವರಲ್ಲಿ ಕೆಲವರಿಗೆ ಒಗ್ಗುತ್ತದೆ. ವರ್ಷವಿಡೀ ಒಂದೇ ತಾಳೆಪಟ್ಟಿ ಕೊಲ್ಲುತ್ತದೆ. ಷೇರು ವಹಿವಾಟಿನ ವೇಗ ಹಿತವೆನಿಸಿದರೂ, ಯೋಚಿಸುವ ಮೊದಲೇ ಗುಂಡಿ ಒತ್ತುವ ಕೈಗೆ ಅಲ್ಲಿ ಬೆಂಕಿ ಹತ್ತಿರ.

ಗಲಗಲಿಯ ಸುತ್ತಿನವರಿಗೆ ಬಾಗಲಕೋಟೆಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿರುವವರಿಗೆ ನಿಮ್ಹಾನ್ಸ್. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು. ಲಕ್ಷಣಗಳು 12 ವರ್ಷದೊಳಗೇ ಕಾಣಿಸಿಕೊಂಡಿದ್ದವೆ ಎಂಬುದು ವೈದ್ಯರ ಮೊದಲ ಪ್ರಶ್ನೆಗಳಲ್ಲೊಂದು. ಇಪ್ಪತ್ತೈದರ ತರುಣನಿಗೆ ಅದು ನೆನಪಿರುವುದಿಲ್ಲ, ತಾಯಿಗೆ ಇರುತ್ತದೆ. ಆದ್ದರಿಂದ ಮೊದಲ ಭೇಟಿಗೆ ತಾಯಿಯೋ ತಂದೆಯೋ ಜೊತೆಗೆ ಹೋಗುವುದು ವಾಸಿ. ಊರಿನ ಮನೆಯ ಟ್ರಂಕಿನಲ್ಲಿ ‘ಬುದ್ಧಿ ಇದೆ, ಲಕ್ಷ್ಯ ಇಲ್ಲ’ ಎಂದು ಗುರುಗಳು ಬರೆದ ಆ ಹಳೆಯ ಪ್ರಗತಿಪತ್ರಗಳು ಇನ್ನೂ ಉಳಿದಿದ್ದರೆ ಅವನ್ನೂ ಒಯ್ಯಬೇಕು.