ಕರ್ನಲ್ ಮತ್ತು ಬಳಕೆದಾರ ತಂತ್ರಾಂಶ: ಯಂತ್ರಾಂಶ ನಿರ್ವಹಣೆಯ ಸಂಕೇತಗಳು

2001ರ ಫೆಬ್ರವರಿ 28ರಂದು ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ಸ್ ಗಣಿಯ ಆಳ 3 ಕಿಲೋಮೀಟರನ್ನು ಮೀರಿತ್ತು. ಕಾರ್ಮಿಕರನ್ನು ಏರಿಸಿ ಇಳಿಸುವ ಯಂತ್ರ ನೆಲದ ಮೇಲಿತ್ತು. ಕೆಳಗಿನವರು ಅದನ್ನು ಮುಟ್ಟುವಂತಿರಲಿಲ್ಲ. ನಿಗದಿತ ಗಂಟೆಯ ಸಂಕೇತಗಳಿಂದಲೇ ಯಂತ್ರಚಾಲಕನಿಗೆ ಸೂಚನೆ ತಲುಪಬೇಕಿತ್ತು.

ಗಣಕದ ಕಾರ್ಯಾಚರಣ ವ್ಯವಸ್ಥೆಯಲ್ಲಿಯೂ ಇಂಥದೇ ವಿಭಜನೆಯಿದೆ. ಯಂತ್ರಾಂಶದ ಹತೋಟಿ ಅದರ ತಿರುಳಾದ ಕರ್ನಲ್‌ನದು. ಬಳಕೆದಾರ ತಂತ್ರಾಂಶಗಳು ಕೋರಿಕೆಯನ್ನಷ್ಟೇ ಸಲ್ಲಿಸುತ್ತವೆ. 2003ರಲ್ಲಿ ಹೊರಬಂದ ಲಿನಕ್ಸ್ 2.6 ಆವೃತ್ತಿಯು ಇದಕ್ಕಾಗಿ ‘ಸಿಸ್‌ಎಫ್‌ಎಸ್’ ಎಂಬ ಕಡತ ವ್ಯವಸ್ಥೆಯನ್ನು ಒದಗಿಸಿತು. ಇದರಲ್ಲಿ ಸಾಧನದ ಒಂದೊಂದು ಗುಣಕ್ಕೆ ಒಂದೊಂದು ಕಡತವಿರಬೇಕೆಂಬುದು ನಿಯಮ. ಉಷ್ಣತೆಯ ಕಡತದಲ್ಲಿ 45000 ಎಂದಿದ್ದರೆ 45 ಡಿಗ್ರಿ ಸೆಲ್ಸಿಯಸ್ ಎಂದರ್ಥ. ಇದನ್ನು ಓದಲು ಸಾಮಾನ್ಯವಾಗಿ ಎಲ್ಲರಿಗೂ ಅವಕಾಶವುಂಟು. ಫ್ಯಾನಿನ ವೇಗವನ್ನು ಬದಲಿಸುವ ಅಧಿಕಾರ ಮಾತ್ರ ವ್ಯವಸ್ಥೆಯ ನಿರ್ವಾಹಕನದು.

ಮೇಲಿನವರು ಗಂಟೆಯ ಅರ್ಥವನ್ನು ತಮ್ಮಷ್ಟಕ್ಕೆ ತಾವೇ ಬದಲಿಸಿದ್ದರೆ ಬಾವಿಯೊಳಗಿನ ಜೀವಗಳಿಗೆ ಅಪಾಯವಾಗುತ್ತಿತ್ತು. ಅಂತೆಯೇ, ಬಳಕೆಗೆ ಬಂದ ಕಡತದ ಹೆಸರೋ ಮಾನವೋ ಬದಲಾದರೆ, ಅದನ್ನೇ ನಂಬಿದ ತಂತ್ರಾಂಶವು ಯಂತ್ರ ಮಿತಿಮೀರಿ ಕಾದರೂ ಅರಿಯದೆ ಹೋಗಬಹುದು. ಆದುದರಿಂದ ಕರ್ನಲ್ ತನ್ನ ಒಳರಚನೆಯನ್ನು ಬೇಕಾದಂತೆ ತಿದ್ದಿಕೊಳ್ಳಬಹುದಾದರೂ, ಹೊರಗೆ ಕೊಟ್ಟ ಸಂಕೇತಕ್ಕೆ ಬದ್ಧವಾಗಿರಬೇಕಾಗುತ್ತದೆ.