ಗಿನಿಯಿಲಿಗೆ ತುರಿಕೆ ಹತ್ತಿದಾಗ

ಗಿನಿಯಿಲಿಯನ್ನು ಸಾಕಿಕೊಂಡಿರುವ ನಗರದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಸಂಜೆ ಅಡಿಗೆಮನೆಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು ಬಿಚ್ಚಿದ ಸದ್ದಾದರೆ ಸಾಕು, ಪಡಸಾಲೆಯ ಮೂಲೆಯ ಗೂಡಿನಿಂದ ‘ವೀಕ್, ವೀಕ್’ ಎಂದು ಸಿಳ್ಳು ಹೊರಡುವುದು ಅಲ್ಲಿಯ ನಿತ್ಯದ ಪದ್ಧತಿ. ಒಂದು ದಿನ ಆ ಸಿಳ್ಳು ಕೇಳಿಸುವುದಿಲ್ಲ. ಮನೆಯ ಹುಡುಗಿ ಓಡಿಹೋಗಿ ನೋಡುತ್ತಾಳೆ. ಪ್ರಾಣಿ ಮೂಲೆಯಲ್ಲಿ ಮುದುಡಿ ಕುಳಿತು ಹಿಂಗಾಲಿನಿಂದ ಹೆಗಲನ್ನು ಬಿಡುವಿಲ್ಲದೆ ಕೆರೆದುಕೊಳ್ಳುತ್ತಿದೆ. ರೋಮದ ನಡುವೆ ಬಿಳಿಯ ಹೊಟ್ಟು. ತೊಡೆಯ ಒಳಭಾಗದಲ್ಲಿ ಕೂದಲುದುರಿ ಚರ್ಮ ಕೆಂಪಾಗಿದೆ.

“ಅಜ್ಜೀ, ಇದಕ್ಕೆ ಏನೋ ಆಗಿದೆ, ಬಾ ನೋಡು!”

“ಬೇಸಿಗೆಯ ಉಷ್ಣ, ಮಗು. ನಾಳೆ ಒಂದಿಷ್ಟು ಬೇವಿನೆಣ್ಣೆ ಹಚ್ಚಿ ಬಿಸಿಲಿಗೆ ಬಿಟ್ಟರೆ ತಾನೇ ಸರಿಹೋಗುತ್ತದೆ.”

ಅಜ್ಜಿಯ ಕಳಕಳಿಯಲ್ಲಿ ಕೊರತೆಯಿಲ್ಲ. ಆದರೆ ಆ ಎಣ್ಣೆ, ಆ ಬಿಸಿಲು ಎರಡೂ ಈ ಪ್ರಾಣಿಯ ಪಾಲಿಗೆ ಅಪಾಯಕರ. ಹೀಗೆಯೇ ಕೆಲವು ವಾರಗಳು ಕಳೆದರೆ, ಬದುಕಬಹುದಾಗಿದ್ದ ಜೀವವೊಂದು ಕೈಬಿಟ್ಟು ಹೋಗಬಹುದು. ಅದಕ್ಕೆ ತಗಲಿರುವ ವ್ಯಾಧಿಗೆ ಮದ್ದಿಲ್ಲದಿದ್ದರೆ ಸಮಾಧಾನ ಹೇಳಿಕೊಳ್ಳಬಹುದಿತ್ತು. ಒಳ್ಳೆಯ ಮದ್ದೇ ಇದೆ; ಬೇಕಾದದ್ದು ಸಕಾಲದಲ್ಲಿ ಗುರುತಿಸುವ ಕಣ್ಣು.

ಹೆಸರಿನಲ್ಲೇ ಎರಡು ತಪ್ಪು

ಇಂಗ್ಲಿಷಿನವರು ಈ ಪ್ರಾಣಿಯನ್ನು ಗಿನಿ ದೇಶದ ಹಂದಿಯೆಂದು ಕರೆದರು. ಆಫ್ರಿಕದ ಗಿನಿಗೂ ಇದಕ್ಕೂ ಸಂಬಂಧವಿಲ್ಲ. ಹಂದಿಯಂತೂ ಅಲ್ಲವೇ ಅಲ್ಲ. ಇದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಸೀಮೆ. ಅಲ್ಲಿಯ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಆಹಾರಕ್ಕಾಗಿ ಮನೆಯೊಳಗೆ ಸಾಕಿದರು. 16ನೆಯ ಶತಮಾನದಲ್ಲಿ ಯೂರೋಪನ್ನು ಸೇರಿದ ಮೇಲೆ ಇದು ಮಕ್ಕಳ ಮುದ್ದಿನ ಪ್ರಾಣಿಯಾಯಿತು. ಅನಂತರ ವಿಜ್ಞಾನಿಗಳ ಪ್ರಯೋಗಪಶುವೂ ಆಯಿತು.

ಬೇಟೆಗೆ ಬಲಿಯಾಗುವ ಪ್ರಾಣಿಗಳಿಗೆಲ್ಲ ಒಂದು ಸ್ವಭಾವವುಂಟು. ಕಾಯಿಲೆ ಬಿದ್ದರೂ ಬಿದ್ದಂತೆ ತೋರಿಸಿಕೊಳ್ಳುವುದಿಲ್ಲ. ಕಾಡಿನಲ್ಲಿ ನರಳಿದವನೇ ಮೊದಲು ಹದ್ದಿನ ಬಾಯಿಗೆ ತುತ್ತಲ್ಲವೆ? ಮನೆಯ ಗೂಡಿನಲ್ಲಿ ಹದ್ದಿನ ಭಯವಿಲ್ಲದಿದ್ದರೂ ಆ ಸ್ವಭಾವ ಗಿನಿಯಿಲಿಯನ್ನು ಬಿಟ್ಟಿಲ್ಲ. ಆದುದರಿಂದಲೇ ಅದರ ಮೌನ, ಅದರ ಕೆರೆತ, ಉಳಿದುಹೋದ ಮೇವು ಇವುಗಳನ್ನೇ ಮಾತೆಂದು ತಿಳಿದು ಓದಬೇಕಾಗುತ್ತದೆ.

ಚರ್ಮದೊಳಗಿನ ಸುರಂಗ

ಗಿನಿಯಿಲಿಯ ಘೋರ ತುರಿಕೆಗೆ ಬಹುಮಟ್ಟಿಗೆ ಕಾರಣವಾಗುವುದು ಒಂದು ನುಸಿ. 1972ರಲ್ಲಿ ವಿಜ್ಞಾನಿಗಳು ಇದನ್ನು ‘ಟ್ರಿಕ್ಸಕಾರಸ್ ಕೇವಿಯೆ’ ಎಂಬ ಹೆಸರಿನಿಂದ ಮೊದಲಿಗೆ ವರ್ಣಿಸಿದರು. ಮನುಷ್ಯನಿಗೆ ಕಜ್ಜಿಯನ್ನು ತರುವ ನುಸಿಗೆ ಇದು ಹತ್ತಿರದ ಬಂಧು. ಎಂಟು ಕಾಲಿನ ಈ ಜೀವಿ ಬರಿಗಣ್ಣಿಗೆ ಕಾಣಿಸದು. ಹೆಣ್ಣು ನುಸಿ ಚರ್ಮದಲ್ಲಿ ಸುರಂಗ ಕೊರೆದು ಅಲ್ಲಿಯೇ ಮೊಟ್ಟೆಯಿಡುತ್ತದೆ. ಸುಮಾರು ಎರಡು ವಾರಗಳೊಳಗೆ ಮತ್ತೊಂದು ಪೀಳಿಗೆ ಸಿದ್ಧವಾಗುತ್ತದೆ.

ರೋಗ ಸಾಮಾನ್ಯವಾಗಿ ಹೆಗಲು, ಬೆನ್ನು ಮತ್ತು ತೊಡೆಗಳಲ್ಲಿ ಮೊದಲಾಗುತ್ತದೆ. ಹೊಟ್ಟು ಏಳುತ್ತದೆ, ಕೂದಲುದುರುತ್ತದೆ, ಚರ್ಮ ದಪ್ಪಗಾಗಿ ಹಕ್ಕಳೆಗಟ್ಟುತ್ತದೆ. ತುರಿಕೆ ಎಷ್ಟು ಉಗ್ರವೆಂದರೆ, ಪ್ರಾಣಿ ತನ್ನ ಉಗುರಿನಿಂದ ತನ್ನನ್ನೇ ಗಾಯಮಾಡಿಕೊಳ್ಳುತ್ತದೆ. ಕೊನೆಗೆ ಮುಟ್ಟಿದರೆ ಸಾಕು, ಸುತ್ತು ತಿರುಗಿ ನೆಲಕ್ಕುರುಳಿ ಕಾಲು ಬಡಿದುಕೊಳ್ಳುತ್ತದೆ. ನೋಡಿದವರು ಇದನ್ನು ಮೂರ್ಛೆರೋಗವೆಂದೋ ದೃಷ್ಟಿದೋಷವೆಂದೋ ಭಾವಿಸುವುದುಂಟು. ಅದಕ್ಕೂ ತುರಿಕೆಯೇ ಮೂಲ. ಅಂಥ ಹೊತ್ತಿನಲ್ಲಿ ಪ್ರಾಣಿಯನ್ನು ಎತ್ತಿ ಮುದ್ದಿಸಲು ಹೋಗದೆ, ನಸುಗತ್ತಲೆಯ ಸದ್ದಿಲ್ಲದ ಜಾಗದಲ್ಲಿ ಬಿಟ್ಟು, ಕೂಡಲೆ ಪಶುವೈದ್ಯರನ್ನು ಕಾಣುವುದೇ ವಿವೇಕ.

ನುಸಿ ಎಲ್ಲಿಂದ ಬಂತು? ತಾಯಿಯಿಂದ ಮರಿಗೆ, ಜೊತೆಯ ಪ್ರಾಣಿಯಿಂದ, ಹಾಸಿಗೆಯ ಹುಲ್ಲಿನಿಂದ ಇದು ದಾಟುತ್ತದೆ. ಎಷ್ಟೋ ಗಿನಿಯಿಲಿಗಳು ನುಸಿಯನ್ನು ಹೊತ್ತಿದ್ದರೂ ಆರೋಗ್ಯವಾಗಿಯೇ ಕಾಣುತ್ತವೆ. ಮನೆ ಬದಲಾದಾಗ, ಗರ್ಭ ಧರಿಸಿದಾಗ, ಮೇವು ಸಾಲದಾದಾಗ ದೇಹದ ಶಕ್ತಿ ಕುಗ್ಗಿ, ಅಡಗಿದ್ದ ಶತ್ರು ತಲೆಯೆತ್ತುತ್ತಾನೆ. ಅಂಗಡಿಯಿಂದ ತಂದ ಮರಿಗೆ ಕೆಲವು ವಾರಗಳ ಮೇಲೆ ತುರಿಕೆ ಹತ್ತುವ ರಹಸ್ಯವಿದೇ. ಮರಿಯನ್ನು ಎತ್ತಿಕೊಂಡ ಮಕ್ಕಳ ಕೈಮೇಲೂ ಕೆಲವೊಮ್ಮೆ ಕೆಂಪು ಗುಳ್ಳೆಗಳು ಏಳಬಹುದು. ಆದರೆ ಈ ನುಸಿ ಮನುಷ್ಯನ ಮೈಯಲ್ಲಿ ನೆಲೆಯೂರಲಾರದು. ಪ್ರಾಣಿ ಗುಣವಾದರೆ ಗುಳ್ಳೆಯೂ ಅಡಗುತ್ತದೆ.

ಕೂದಲುದುರಿದ್ದೆಲ್ಲ ನುಸಿಯಲ್ಲ

ಇಷ್ಟು ಓದಿದವರು ಕೂದಲು ಕಡಿಮೆಯಾದಲ್ಲೆಲ್ಲ ನುಸಿಯನ್ನು ಕಾಣಬಾರದು. ಗಿನಿಯಿಲಿಯ ಕಿವಿಗಳ ಹಿಂದೆ ಹುಟ್ಟಿನಿಂದಲೇ ಕೂದಲಿಲ್ಲದ ಪುಟ್ಟ ಜಾಗವಿರುತ್ತದೆ; ಅದು ರೋಗವಲ್ಲ. ರೋಮದ ಬುಡದಲ್ಲಿ ಹರಿದಾಡುವ ಚುಕ್ಕೆಗಳು ಕಣ್ಣಿಗೆ ಬಿದ್ದರೆ ಅದು ಹೇನು. ಈ ಹೇನು ಮನುಷ್ಯನಿಗೆ ಅಂಟುವುದಿಲ್ಲ. ಮೂಗು, ಕಣ್ಣು, ಕಿವಿಗಳ ಸುತ್ತ ಕೂದಲುದುರಿ ಹೊಟ್ಟಿನ ಮಚ್ಚೆ ಮೂಡಿದ್ದರೆ ಅದು ಹುಳುಕಡ್ಡಿಯಾಗಿರಬಹುದು. ಹೆಸರಿನಲ್ಲಿ ಹುಳುವಿದ್ದರೂ ಅದು ಬೂಷ್ಟಿನ ಜಾತಿಯ ರೋಗ; ಮಕ್ಕಳಿಗೆ ನಿಜವಾಗಿಯೂ ಅಂಟುತ್ತದೆ. ವಯಸ್ಸಾದ ಹೆಣ್ಣಿಗೆ ಎರಡು ಪಕ್ಕೆಗಳಲ್ಲೂ ಒಂದೇ ಸಮನಾಗಿ, ತುರಿಕೆಯಿಲ್ಲದೆ, ಕೂದಲು ತೆಳುವಾದರೆ ಅಂಡಾಶಯದ ಗುಳ್ಳೆಗಳನ್ನು ಶಂಕಿಸಬೇಕು. ಇವುಗಳನ್ನು ಬೇರ್ಪಡಿಸಲು ವೈದ್ಯರು ಚರ್ಮವನ್ನು ಮೆಲ್ಲನೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನುಸಿ ಆಳದಲ್ಲಿ ಅಡಗಿ ಸಿಗದೆಹೋಗುವುದೂ ಉಂಟಾದ್ದರಿಂದ ಲಕ್ಷಣಗಳ ಬಲದಿಂದಲೇ ಚಿಕಿತ್ಸೆ ಆರಂಭಿಸುವುದೂ ಇದೆ.

ಮೇವಿನ ಕೊರತೆಯೂ ಚರ್ಮದಲ್ಲಿ ತೋರುತ್ತದೆ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡೋರ್ ಫ್ರೋಲಿಕ್ ಎಂಬುವರು ಗಿನಿಯಿಲಿಗಳಿಗೆ ಬರಿಯ ಧಾನ್ಯವನ್ನೇ ತಿನ್ನಿಸಿದಾಗ ಅವಕ್ಕೆ ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗವೇ ಬಂದಿತು. ಮನುಷ್ಯನಂತೆಯೇ ಗಿನಿಯಿಲಿಯೂ ಸಿ ಜೀವಸತ್ವವನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು. ಮನುಷ್ಯನು ಸ್ಕರ್ವಿಯ ಗುಟ್ಟನ್ನು ಅರಿತದ್ದರಲ್ಲಿ ಈ ಪುಟ್ಟ ಪ್ರಾಣಿಯ ಋಣವಿದೆ. ಆ ಋಣವನ್ನು ತೀರಿಸುವುದು ಕಷ್ಟವಲ್ಲ: ಯಾವಾಗಲೂ ಹುಲ್ಲು, ದಿನವೂ ಕೊತ್ತಂಬರಿ ಸೊಪ್ಪು ಅಥವಾ ದಪ್ಪ ಮೆಣಸಿನಕಾಯಿಯ ಹೋಳು, ಆಗಾಗ ಸೀಬೆಹಣ್ಣಿನ ಚೂರು. ದಿನವೊಂದಕ್ಕೆ 10ರಿಂದ 30 ಮಿಲಿಗ್ರಾಂ ಸಿ ಜೀವಸತ್ವ ಅದಕ್ಕೆ ಸಾಕು. ಇದಿಲ್ಲದಿದ್ದರೆ ರೋಮ ಒರಟಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ, ಕೀಲುಗಳು ಊದಿಕೊಳ್ಳುತ್ತವೆ. ನುಸಿಗೂ ಬಾಗಿಲು ತೆರೆದಂತಾಗುತ್ತದೆ.

ಮಣ್ಣಿನಿಂದ ಬಂದ ಮದ್ದು

ನುಸಿಗೆ ವೈದ್ಯರು ಸಾಮಾನ್ಯವಾಗಿ ಕೊಡುವ ಔಷಧಿ ಐವರ್ಮೆಕ್ಟಿನ್. ಜಪಾನಿನ ಸತೋಶಿ ಒಮುರಾ ಅವರು ತಮ್ಮ ದೇಶದ ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಯೊಂದು ಇದರ ಮೂಲ. ಅಮೆರಿಕದಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಅವರ ಸಂಶೋಧನೆಯಿಂದ ಅದು ಪಶುಗಳ ಮದ್ದಾಗಿ ರೂಪುಗೊಂಡಿತು. 1981ರಲ್ಲಿ ಮಾರುಕಟ್ಟೆಗೆ ಬಂದ ಈ ಮದ್ದಿಗಾಗಿ ಇಬ್ಬರೂ 2015ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಒಂದು ಸಲ ಕೊಟ್ಟರೆ ಸಾಲದು. ಔಷಧಿ ನುಸಿಯನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಆದುದರಿಂದ ಒಂದೆರಡು ವಾರಗಳ ಅಂತರದಲ್ಲಿ, ವೈದ್ಯರು ಹೇಳಿದಷ್ಟು ಸಲ, ಮತ್ತೆ ಕೊಡಿಸಬೇಕು. ಮೊದಲನೆಯ ಸಲವೇ ತುರಿಕೆ ತಗ್ಗಿತೆಂದು ಸುಮ್ಮನಾದವರ ಮನೆಗೆ ರೋಗ ಹಿಂದಿರುಗಿ ಬರುತ್ತದೆ. ಜೊತೆಯಲ್ಲಿರುವ ಗಿನಿಯಿಲಿಗಳಿಗೆಲ್ಲ, ತುರಿಕೆಯಿರಲಿ ಇಲ್ಲದಿರಲಿ, ಚಿಕಿತ್ಸೆಯಾಗಬೇಕು. ಹಳೆಯ ಹುಲ್ಲನ್ನೂ ಮರದ ಹೊಟ್ಟನ್ನೂ ಎಸೆದು, ಗೂಡನ್ನು ಬಿಸಿನೀರಿನಿಂದ ತೊಳೆದು ಒಣಗಿಸಬೇಕು. ಹೊಸದಾಗಿ ತಂದ ಮರಿಯನ್ನು ಎರಡು ಮೂರು ವಾರ ಪ್ರತ್ಯೇಕವಾಗಿಡಬೇಕು.

ಕೈಮೀರಿದ ಉಪಚಾರ

ಪ್ರೀತಿಯಿಂದ ಮಾಡಿದ್ದೆಲ್ಲ ಹಿತವಾಗುವುದಿಲ್ಲ. ಮೈಗೆ ಹಚ್ಚಿದ ಬೇವಿನೆಣ್ಣೆ, ಕರ್ಪೂರದೆಣ್ಣೆ, ಸೀಮೆಎಣ್ಣೆಗಳನ್ನು ಗಿನಿಯಿಲಿ ನೆಕ್ಕಿಕೊಳ್ಳುತ್ತದೆ. ವಿಷ ಹೊಟ್ಟೆಗೆ ಹೋಗುತ್ತದೆ. ಬಿಸಿಲಿಗೆ ಬಿಟ್ಟರೆ ಶಾಖದ ಆಘಾತದಿಂದ ಸಾಯಬಹುದು. ನಾಯಿಗೆಂದು ತಂದಿಟ್ಟ ಉಣ್ಣೆಯ ಪುಡಿ ಇದಕ್ಕಲ್ಲ. ದನಕರುಗಳಿಗೆ ಚುಚ್ಚುವ ಐವರ್ಮೆಕ್ಟಿನ್ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಇರುತ್ತದೆ. 800 ಗ್ರಾಂ ತೂಗುವ ಗಿನಿಯಿಲಿಗೆ ಅದರಲ್ಲಿ ಬೇಕಾಗುವುದು ಒಂದು ಹನಿಗಿಂತಲೂ ಕಡಿಮೆ. ಅದನ್ನು ಮನೆಯಲ್ಲಿ ಕಣ್ಣಳತೆಯಿಂದ ಕೊಡುವ ಸಾಹಸ ಯಾರಿಗೂ ಬೇಡ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆಯೊಂದಿದೆ. ಗಾಯ ಕೀವಾಯಿತೆಂದು ಮಕ್ಕಳಿಗೆ ತಂದಿದ್ದ ಅಮಾಕ್ಸಿಸಿಲಿನ್ ಪಾನಕವನ್ನು ಎಂದೂ ಕುಡಿಸಬಾರದು. ಪೆನಿಸಿಲಿನ್ ಗಿನಿಯಿಲಿಗೆ ಮಾರಕವೆಂಬುದು 1943ರಲ್ಲಿಯೇ ವರದಿಯಾದ ಸಂಗತಿ. ಹುಲ್ಲನ್ನು ಜೀರ್ಣಿಸುವ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷಕಾರಿಗಳು ಬೆಳೆದು, ಕೆಲವೇ ದಿನಗಳಲ್ಲಿ ಪ್ರಾಣ ಹೋಗಬಹುದು. ಜಗತ್ತಿನ ಮಕ್ಕಳನ್ನು ಉಳಿಸಿದ ಮದ್ದು ಅವರ ಮುದ್ದಿನ ಪ್ರಾಣಿಯನ್ನು ಕೊಲ್ಲಬಲ್ಲುದು!

ಮತ್ತೆ ಸಿಳ್ಳು

ವಾರಕ್ಕೊಮ್ಮೆ ಐದು ನಿಮಿಷ ಸಾಕು. ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡುವುದು, ರೋಮವನ್ನು ಹಿಂದಕ್ಕೆ ಸವರಿ ಚರ್ಮ ನೋಡುವುದು, ಪಾದಗಳನ್ನು ಪರೀಕ್ಷಿಸುವುದು. ಈ ಕೆಲಸವನ್ನು ಹಿರಿಯರ ಕಣ್ಣೆದುರಿನಲ್ಲಿ ಮಕ್ಕಳೇ ಮಾಡಲಿ. ತೂಕ ಇಳಿಯತೊಡಗಿದರೆ ಕಾಯಿಲೆ ಬಾಯಿಬಿಟ್ಟಿತೆಂದೇ ಅರ್ಥ.

ಆ ಮನೆಯಲ್ಲಿ ಅಜ್ಜಿ ಎಣ್ಣೆಯ ಸೀಸೆಯನ್ನು ಮತ್ತೆ ಗೂಡಿನಲ್ಲಿಟ್ಟರು. ತಂದೆ ಮರುದಿನವೇ ಪ್ರಾಣಿಯನ್ನು ವೈದ್ಯರಲ್ಲಿಗೆ ಒಯ್ದರು ಎಂದುಕೊಳ್ಳೋಣ. ಮೊದಲ ವಾರದಲ್ಲಿ ಕೆರೆತ ತಗ್ಗುತ್ತದೆ. ಮೂರನೆಯ ಸಲದ ಔಷಧಿಯಾಗುವ ಹೊತ್ತಿಗೆ ತೊಡೆಯ ಮೇಲೆ ಹೊಸ ಕೂದಲಿನ ನಸುಛಾಯೆ ಮೂಡುತ್ತದೆ. ಒಂದು ಸಂಜೆ ಅಜ್ಜಿಯೇ ಕೊತ್ತಂಬರಿಯ ಕಟ್ಟು ಬಿಚ್ಚುತ್ತಾರೆ. ಪಡಸಾಲೆಯ ಮೂಲೆಯಿಂದ ‘ವೀಕ್, ವೀಕ್’ ಎಂಬ ಸಿಳ್ಳು ಕೇಳಿಬರುತ್ತದೆ.