ಒಂದೇ ದಡಿಯ ದನಿ

ಬನಹಟ್ಟಿಯ ಆ ಓಣಿಯಲ್ಲಿ ಕರೆಂಟು ಹೋದದ್ದೇ ತಡ, ಮಗ್ಗಗಳ ಸದ್ದು ಒಮ್ಮೆಲೇ ನಿಂತಿತು. ಅದಕ್ಕಿಂತ ದೊಡ್ಡ ಬದಲಾವಣೆ ಆದದ್ದು ಮಾಳಿಗೆ ಮೇಲಿನ ಕೋಣೆಯ ರೇಡಿಯೊದಲ್ಲಿ. ಅಲ್ಲಿಯ ತನಕ 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಬರೀ ಗರಗರ. ಓಣಿಯ ಎಲ್‌ಇಡಿ ಬಲ್ಬುಗಳು, ಮೊಬೈಲ್ ಚಾರ್ಜರುಗಳು ಉಗುಳುವ ಗದ್ದಲ ಅದು. ಕರೆಂಟಿನ ಜೊತೆಗೇ ಆ ಗದ್ದಲವೂ ಹೋಯಿತು. ಬ್ಯಾಟರಿಯ ಮೇಲೆ ನಡೆಯುತ್ತಿದ್ದ ರಿಸೀವರಿನಲ್ಲಿ ಯಾರೋ ಮೂಗಿನಲ್ಲಿ ಗೊಣಗಿದಂಥ ದನಿಯೊಂದು ಮೇಲೆದ್ದು ಬಂತು.

"ತಡೀರಿ ಸರ, ಈಗ ಕೇಳ್ರಿ" ಎಂದು ಆ ಮಗ್ಗದ ಮನೆಯ ಯಜಮಾನರು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರು. ಗೊಣಗಾಟ ಸ್ಪಷ್ಟ ಮಾತಾಯಿತು. ದೂರದ ಊರಿನ ಹ್ಯಾಮ್ ಒಬ್ಬರು ತಮ್ಮ ಆಂಟೆನಾ ಬಗ್ಗೆ ಹೇಳುತ್ತಿದ್ದರು. ಹಗಲು ಮಗ್ಗ, ರಾತ್ರಿ ರೇಡಿಯೊ ಎಂದು ಬದುಕುವ ಈ ಮನುಷ್ಯನನ್ನು ನೋಡಲು ನಾನು ಹೋದದ್ದು ಬೇರೊಂದು ಬರಹಕ್ಕಾಗಿ. ಅಲ್ಲಿ ಕೇಳಿದ್ದನ್ನು ಬಿಟ್ಟು ಬೇರೇನೂ ಬರೆಯಲು ಮನಸ್ಸು ಬರುತ್ತಿಲ್ಲ.

ಹ್ಯಾಮ್‌ಗಳೆಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೊ ನಡೆಸುವವರು. ಆದರೆ ಅವರ ಮಾತು ಗಾಳಿಗೆ ಏರುವ ದಾರಿ ಒಂದೇ ಅಲ್ಲ. ಎಎಮ್, ಎಸ್‌ಎಸ್‌ಬಿ, ಎಫ್‌ಎಮ್, ಈಗಿನ ಡಿಜಿಟಲ್, ಹೀಗೆ ಹಲವು ದಾರಿಗಳಿವೆ. ಒಂದೊಂದು ದಾರಿಯೂ ಏನನ್ನೋ ಉಳಿಸಿಕೊಂಡು ಏನನ್ನೋ ಬಿಟ್ಟುಕೊಡುತ್ತದೆ.

ಮೊದಲ ಪಾಠಕ್ಕೆ ಮಗ್ಗದ ಮನೆಯವರು ಹಿಡಿದದ್ದು ಧಾರವಾಡ ಆಕಾಶವಾಣಿಯನ್ನು, 765 ಕಿಲೋಹರ್ಟ್ಸ್‌ನಲ್ಲಿ. ನೂರು ಕಿಲೋಮೀಟರಿಗೂ ಆಚೆಯ ಕೇಂದ್ರ. ಎಎಮ್‌ನಲ್ಲಿ ಮಾಮೂಲಿನಂತೆ ಹಾಡು ಬರುತ್ತಿತ್ತು. ಆಮೇಲೆ ಸ್ವಿಚ್ಚನ್ನು ಮೇಲಿನ ಸೈಡ್‌ಬ್ಯಾಂಡಿಗೆ ಹಾಕಿದರು. ಸೀಟಿಯೊಂದು ಕೇಳಿಸಿತು, ಗುಂಡಿ ತಿರುಗಿಸುತ್ತ ಹೋದಂತೆ ಅದು ಇಳಿದು ಇಳಿದು ಮಾಯವಾಯಿತು, ಹಾಡು ಮತ್ತೆ ಬಂತು. ಕೆಳಗಿನ ಸೈಡ್‌ಬ್ಯಾಂಡಿಗೆ ಹಾಕಿದರು. ಅದೇ ಹಾಡು, ಒಂದಕ್ಷರವೂ ಕಡಿಮೆಯಿಲ್ಲ.

"ಸೀರಿಗೆ ಎರಡು ದಡಿ ಇರ್ತಾವಲ್ರಿ ಸರ. ಒಂದು ನೋಡಿದ್ರ ಇನ್ನೊಂದು ಹೆಂಗೈತಿ ಅಂತ ಗೊತ್ತಾಗತೈತಿ. ನಡುವಿನ ಒಡಲು ಬರೇ ಸಾದಾ."

ಎಎಮ್ ಸಂಕೇತದ ರಚನೆಯನ್ನು ಇಷ್ಟು ಚೆನ್ನಾಗಿ ಹೇಳಿದ ಪಠ್ಯಪುಸ್ತಕ ನಾನು ಓದಿಲ್ಲ. ನಡುವೆ ಕ್ಯಾರಿಯರ್ ಎಂಬ ವಾಹಕ ತರಂಗ, ಅದರಲ್ಲಿ ಮಾತಿಲ್ಲ. ಅದರ ಎರಡು ಬದಿಗೆ ಒಂದನ್ನೊಂದು ತಿರುವಿಟ್ಟಂಥ ಎರಡು ಸೈಡ್‌ಬ್ಯಾಂಡ್‌ಗಳು, ಎರಡರಲ್ಲೂ ಅದೇ ಮಾತು. ಕ್ಯಾರಿಯರ್ 100 ವ್ಯಾಟ್ ಇದ್ದರೆ, ಒಂದೇ ಸ್ವರದಿಂದ ಪೂರ್ತಿ ಮಾಡ್ಯುಲೇಟ್ ಮಾಡಿದಾಗ ಸೈಡ್‌ಬ್ಯಾಂಡ್‌ಗಳಿಗೆ ಸಿಗುವುದು ತಲಾ 25 ವ್ಯಾಟ್. ಅಂದರೆ 150 ವ್ಯಾಟಿನಲ್ಲಿ ಮಾತು ತಲುಪಿಸಲು 25 ಸಾಕಿತ್ತು. ಜಾಗವೂ ಹಾಗೆಯೇ: 3 ಕಿಲೋಹರ್ಟ್ಸ್ ಮಾತಿಗೆ ಎಎಮ್ 6 ಕಿಲೋಹರ್ಟ್ಸ್ ತಿನ್ನುತ್ತದೆ.

ಅಮೆರಿಕದ ಎಂಜಿನಿಯರ್ ಜಾನ್ ಕಾರ್ಸನ್ 1915ರಲ್ಲೇ ಇದನ್ನು ಗಣಿತದಿಂದ ಕಂಡುಕೊಂಡು ಪೇಟೆಂಟಿಗೆ ಅರ್ಜಿ ಹಾಕಿದರು. ಕ್ಯಾರಿಯರ್ ಬೇಡ, ಒಂದು ಸೈಡ್‌ಬ್ಯಾಂಡೂ ಬೇಡ, ಉಳಿದ ಒಂದನ್ನೇ ಕಳಿಸಿದರಾಯಿತು. ಇದೇ ಎಸ್‌ಎಸ್‌ಬಿ. 1927ರಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಡುವೆ ಶುರುವಾದ ರೇಡಿಯೊ ಟೆಲಿಫೋನು ನಡೆದದ್ದು ಇದರ ಮೇಲೆಯೇ. ಹ್ಯಾಮ್‌ಗಳ ಕೋಣೆಗೆ ಇದು ದೊಡ್ಡ ಪ್ರಮಾಣದಲ್ಲಿ ಬಂದದ್ದು ಎರಡನೇ ಮಹಾಯುದ್ಧದ ನಂತರ.

ಇದಕ್ಕೆ ತೆರಬೇಕಾದ ಬೆಲೆಯೇ ಆ ಗೊಣಗಾಟ. ಕಳಿಸದೆ ಬಿಟ್ಟ ಕ್ಯಾರಿಯರನ್ನು ಕೇಳುವವನು ತನ್ನ ರಿಸೀವರಿನಲ್ಲೇ ಹುಟ್ಟಿಸಿಕೊಳ್ಳಬೇಕು. ಅದು 100 ಹರ್ಟ್ಸ್ ಆಚೀಚೆಯಾದರೆ ದನಿಯ ಎಲ್ಲ ಸ್ವರಗಳೂ ಅಷ್ಟೇ ಹರ್ಟ್ಸ್ ಸರಿಯುತ್ತವೆ. ಸ್ವರಗಳ ನಡುವಿನ ಅನುಪಾತವೇ ಕೆಟ್ಟುಹೋಗುವುದರಿಂದ ಸಂಗೀತ ಅಪಸ್ವರವಾಗುತ್ತದೆ, ಮಾತು ಮೂಗಿನದಾಗುತ್ತದೆ. 2.5 ಕಿಲೋಹರ್ಟ್ಸ್ ಆಸುಪಾಸಿನ ಫಿಲ್ಟರಿನಿಂದಾಗಿ 'ಸ' ಮತ್ತು 'ಶ' ಬೇರೆ ಮಾಡುವುದೂ ಕಷ್ಟ. ಎಎಮ್ ದನಿಯ ತುಂಬು ಬಿಸುಪು ನನಗೆ ಇಂದಿಗೂ ಪ್ರಿಯ. ಆದರೆ ಬಡವನ ವ್ಯಾಟುಗಳಿಗೆ ನ್ಯಾಯ ಕೊಟ್ಟದ್ದು ಎಸ್‌ಎಸ್‌ಬಿ ಎಂಬುದರಲ್ಲಿ ನನಗೆ ಸಂಶಯ ಉಳಿದಿಲ್ಲ.

ಆ ರಾತ್ರಿ ನಮ್ಮ ಬಹಳಷ್ಟು ಹೊತ್ತನ್ನು ತಿಂದ ಪ್ರಶ್ನೆ ಬೇರೆ. 10 ಮೆಗಾಹರ್ಟ್ಸ್‌ಗಿಂತ ಕೆಳಗೆ ಹ್ಯಾಮ್‌ಗಳು ಕೆಳ ಸೈಡ್‌ಬ್ಯಾಂಡ್ ಬಳಸುತ್ತಾರೆ, ಮೇಲೆ ಮೇಲಿನದು. ಯಾಕೆ? ಹ್ಯಾಮ್‌ಗಳಲ್ಲಿ ಬಾಯಿಂದ ಬಾಯಿಗೆ ಬಂದಿರುವ ಉತ್ತರ ಹೀಗಿದೆ: ಹಳೆಯ ಸೆಟ್‌ಗಳಲ್ಲಿ 9 ಮೆಗಾಹರ್ಟ್ಸ್‌ನಲ್ಲಿ ಎಸ್‌ಎಸ್‌ಬಿ ಹುಟ್ಟಿಸಿ, 5 ಮೆಗಾಹರ್ಟ್ಸ್ ಆಸಿಲೇಟರ್ ಕೂಡಿಸಿದರೆ 14 ಬರುತ್ತಿತ್ತು, ಕಳೆದರೆ 4ರ ಹತ್ತಿರ ಬರುತ್ತಿತ್ತು, ಕಳೆಯುವಾಗ ಸೈಡ್‌ಬ್ಯಾಂಡ್ ತಿರುವುಮುರುವಾಗುತ್ತಿತ್ತು. ಕೇಳಲು ಚಂದದ ಕಥೆ. ನಾವು ಕಾಗದದ ಮೇಲೆ ಲೆಕ್ಕ ಹಾಕಿದೆವು. ಮಾತಿನ 1 ಕಿಲೋಹರ್ಟ್ಸ್ ಸೇರಿ 9.001 ಆಯಿತು. ಅದರಲ್ಲಿ 5.2 ಕಳೆದರೆ 3.801. ಮೇಲಿದ್ದದ್ದು ಮೇಲೆಯೇ ಉಳಿಯಿತು, ತಿರುವುಮುರುವು ಆಗಲೇ ಇಲ್ಲ! ಅದು ತಿರುಗಬೇಕಾದರೆ ಸ್ಥಾನ ಅದಲುಬದಲಾಗಬೇಕು: ಮಾತು ಹೊತ್ತದ್ದು 5.2ರಲ್ಲಿ, ಆಸಿಲೇಟರ್ 9ರಲ್ಲಿ. ಆಗ 9ರಿಂದ 5.201 ಕಳೆದರೆ 3.799, ಮೇಲಿದ್ದದ್ದು ಕೆಳಗೆ ಬಂತು. ಕೂಡಿಸಿದಾಗ 14.201, ಮೇಲಿದ್ದದ್ದು ಮೇಲೆ. ಹಾಗಾಗಿ ಕಥೆ ಪೂರ್ತಿ ಸುಳ್ಳಲ್ಲ, ಅಂಕಿಗಳು ಜಾಗ ಬದಲಿಸಿಕೊಂಡಿವೆ. ಸೇನೆ, ಹಡಗು ಮುಂತಾದ ವೃತ್ತಿಪರ ಸೇವೆಗಳಿಗೆ ಈ ಗೊಡವೆಯೇ ಇಲ್ಲ, ಅವರದು ಸಾಮಾನ್ಯವಾಗಿ ಎಲ್ಲೆಡೆ ಮೇಲಿನ ಸೈಡ್‌ಬ್ಯಾಂಡ್. ಹ್ಯಾಮ್‌ಗಳೂ 5 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಮೇಲಿನದನ್ನೇ ಬಳಸಿ ತಮ್ಮ ರೂಢಿಯನ್ನು ತಾವೇ ಮುರಿದಿದ್ದಾರೆ. ಭೌತಶಾಸ್ತ್ರದ ಯಾವ ನಿಯಮವೂ ಇಲ್ಲಿಲ್ಲ. ಯಾರದೋ ಸೋಲ್ಡರಿಂಗ್ ಮೇಜಿನ ಅನುಕೂಲ ಇಡೀ ಲೋಕದ ರೂಢಿಯಾಗಿ ಉಳಿದದ್ದು ನನಗೆ ಬಹಳ ಹಿಡಿಸಿತು.

ಆ ಕೋಣೆಯ ಟ್ರಾನ್ಸೀವರ್ ಬಿಟ್‌ಎಕ್ಸ್ ಕುಟುಂಬದ್ದು. ಹೈದರಾಬಾದಿನ ಅಶ್ಹರ್ ಫರ್ಹಾನ್ 2003ರ ಸುಮಾರಿಗೆ ಬಿಟ್‌ಎಕ್ಸ್-20 ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ದುಬಾರಿ ವಿದೇಶಿ ಬಿಡಿಭಾಗ ಬೇಡ, ಕಾಯಿಲ್ ಸುತ್ತಲು ನಲ್ಲಿಯ ವಾಷರ್ ಆದೀತು ಎಂಬ ಧೈರ್ಯ ಅದರದು. ಕೆಲವೇ ವ್ಯಾಟ್‌ಗಳ ಈ ಎಸ್‌ಎಸ್‌ಬಿ ಸೆಟ್ಟು ಎಷ್ಟೋ ಜನರನ್ನು ಸೋಲ್ಡರಿಂಗ್ ಕಬ್ಬಿಣ ಹಿಡಿಯುವಂತೆ ಮಾಡಿತು.

ಎಫ್‌ಎಮ್ ವಿಷಯಕ್ಕೆ ಬಂದರೆ, ಅದೇ ಕಾರ್ಸನ್ 1922ರಲ್ಲಿ ಅದರಿಂದ ಲಾಭವಿಲ್ಲ ಎಂದು ಬರೆದಿದ್ದರು. ಎಡ್ವಿನ್ ಆರ್ಮ್‌ಸ್ಟ್ರಾಂಗ್ ಅಗಲವಾದ ಎಫ್‌ಎಮ್‌ಗೆ 1933ರಲ್ಲಿ ಪೇಟೆಂಟ್ ಪಡೆದು, 1935ರಲ್ಲಿ ಎಂಜಿನಿಯರುಗಳ ಮುಂದೆಯೇ ಕೇಳಿಸಿ ತೋರಿಸಿದರು. ಗುಡುಗು ಸಿಡಿಲಿನ ಗದ್ದಲ ಅಲೆಯ ಎತ್ತರವನ್ನು ಕದಡುತ್ತದೆ. ಎಫ್‌ಎಮ್ ರಿಸೀವರ್ ಎತ್ತರವನ್ನು ಕತ್ತರಿಸಿ ಎಸೆದು ಆವರ್ತನದ ಏರಿಳಿತವನ್ನಷ್ಟೇ ನೋಡುತ್ತದೆ. ಫಲ, ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟ ದನಿ. ಆದರೆ ಹ್ಯಾಮ್ ಎಫ್‌ಎಮ್‌ಗೆ 16 ಕಿಲೋಹರ್ಟ್ಸ್ ಬೇಕು. ನಮ್ಮ 7 ಮೆಗಾಹರ್ಟ್ಸ್ ಬ್ಯಾಂಡಿನ 200 ಕಿಲೋಹರ್ಟ್ಸ್ ಅಗಲದಲ್ಲಿ ಲೆಕ್ಕದ ಪ್ರಕಾರ 60ಕ್ಕೂ ಹೆಚ್ಚು ಎಸ್‌ಎಸ್‌ಬಿ ಮಾತುಕತೆ ಹಿಡಿದರೆ ಎಫ್‌ಎಮ್ ಹಿಡಿಯುವುದು 12 ಮಾತ್ರ. ಇನ್ನೊಂದು ಗುಣವೂ ಇದೆ: ಇಬ್ಬರು ಒಟ್ಟಿಗೆ ಮಾತಾಡಿದರೆ ಬಲವಾದವನ ದನಿಯೇ ಕೇಳಿಸುತ್ತದೆ, ಇನ್ನೊಬ್ಬ ಇದ್ದನೆಂಬುದೂ ತಿಳಿಯುವುದಿಲ್ಲ. ಎಎಮ್‌ನಲ್ಲಿ ಇಬ್ಬರೂ ಸೀಟಿಯ ಜೊತೆ ಕೇಳಿಸುತ್ತಾರೆ. ವಿಮಾನಗಳು ಇಂದಿಗೂ ಎಎಮ್ ಬಿಡದಿರಲು ಇದೂ ಒಂದು ಕಾರಣ.

ಇಸ್ರೊ 2005ರ ಮೇ 5ರಂದು ಹಾರಿಸಿದ ಹ್ಯಾಮ್‌ಸ್ಯಾಟ್ ಉಪಗ್ರಹದಲ್ಲಿ ಎಸ್‌ಎಸ್‌ಬಿ, ಎಫ್‌ಎಮ್‌ಗಳ ಈ ವ್ಯತ್ಯಾಸ ಎದ್ದು ಕಾಣುತ್ತಿತ್ತು. 42.5 ಕೆ.ಜಿ. ತೂಕದ ಆ ಉಪಗ್ರಹದ ಟ್ರಾನ್ಸ್‌ಪಾಂಡರು 60 ಕಿಲೋಹರ್ಟ್ಸ್ ಅಗಲದಲ್ಲಿ ಬಂದದ್ದನ್ನೆಲ್ಲ ಕೆಳಗೆ ಕಳಿಸುತ್ತಿತ್ತು, ಹಲವು ಎಸ್‌ಎಸ್‌ಬಿ ಸಂಭಾಷಣೆಗಳು ಒಟ್ಟಿಗೆ ನಡೆಯುತ್ತಿದ್ದವು. ಕೇಳಿದ್ದನ್ನು ಮತ್ತೆ ಬಿತ್ತರಿಸುವ ಎಫ್‌ಎಮ್ ರಿಪೀಟರ್ ಹೊತ್ತ ಉಪಗ್ರಹದಲ್ಲಿ ಒಂದು ಸಲಕ್ಕೆ ಒಬ್ಬರೇ. 2014ರಲ್ಲಿ ಬ್ಯಾಟರಿ ಸೋತು ಹ್ಯಾಮ್‌ಸ್ಯಾಟ್ ಮೌನವಾಯಿತು.

ಡಿಜಿಟಲ್ ಬಗ್ಗೆ ನನಗೆ ಅನುಮಾನಗಳಿವೆ. ಡಿ-ಸ್ಟಾರ್, ಡಿಎಮ್‌ಆರ್ ಎಂಬ ಡಿಜಿಟಲ್ ಪದ್ಧತಿಗಳಲ್ಲಿ ಮಾತನ್ನು ಸೆಕೆಂಡಿಗೆ ಕೆಲವೇ ಸಾವಿರ ಬಿಟ್‌ಗಳಿಗೆ ಹಿಂಡುತ್ತಾರೆ. ಹಳೆಯ ಡಿಜಿಟಲ್ ದೂರವಾಣಿಗೆ 64,000 ಬೇಕಿತ್ತು. ಜಾಣತನವೇ ಸರಿ. ಆದರೆ ಹಾಗೆ ಹಿಂಡುವ ಕೋಡೆಕ್ ಒಂದು ಖಾಸಗಿ ಕಂಪನಿಯದು. ಸ್ವತಃ ಬಿಚ್ಚಿ ಕಟ್ಟುವ ಹವ್ಯಾಸದ ನಡುವೆ ಇದೊಂದು ಬೀಗ ಹಾಕಿದ ಪೆಟ್ಟಿಗೆ. ಆಸ್ಟ್ರೇಲಿಯಾದ ಡೇವಿಡ್ ರೋ ಬರೆದ ಮುಕ್ತ ಕೋಡೆಕ್-2 ಸೆಕೆಂಡಿಗೆ 700 ಬಿಟ್‌ವರೆಗೂ ಇಳಿಯುತ್ತದೆ, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಇನ್ನೊಂದು ತಕರಾರು: ಸಂಕೇತ ಕ್ಷೀಣಿಸಿದಾಗ ಎಸ್‌ಎಸ್‌ಬಿ ದನಿ ಮೆಲ್ಲಗೆ ಮುಳುಗುತ್ತದೆ, ಪಳಗಿದ ಕಿವಿ ಕೊನೆಯ ಪದದವರೆಗೂ ಹಿಂಬಾಲಿಸಬಲ್ಲದು. ಡಿಜಿಟಲ್ ಒಂದು ಮಟ್ಟದವರೆಗೆ ಸ್ವಚ್ಛ, ಆಮೇಲೆ ಒಮ್ಮೆಲೇ ಇಲ್ಲ.

ಈ ಹೋಲಿಕೆ ನಮ್ಮ ಭಾಗಕ್ಕೆ ಬರೀ ಹವ್ಯಾಸದ ಮಾತಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಜಮಖಂಡಿ ಕಡೆ, ಘಟಪ್ರಭೆ ಮುಧೋಳ ಕಡೆ ಹಳ್ಳಿಗಳನ್ನು ಮುಳುಗಿಸಿದ್ದನ್ನು ಮರೆತವರಿಲ್ಲ. ಅಂಥ ಹೊತ್ತಿನಲ್ಲಿ ಫೋನು ಕೈಕೊಟ್ಟರೆ ಊರೂರಿನ ನಡುವೆ ಮಾತು ಉಳಿಸಬಲ್ಲದ್ದು ರೇಡಿಯೊ. ಜಮಖಂಡಿಯಿಂದ ಮುಧೋಳವಾಗಲಿ ರಬಕವಿಯಾಗಲಿ ನೇರ ಗೆರೆಯಲ್ಲಿ ಸುಮಾರು 20 ಕಿಲೋಮೀಟರ್. ಎರಡೂ ಕಡೆ 10 ಮೀಟರ್ ಎತ್ತರದ ಆಂಟೆನಾ ಇದ್ದರೆ ರೇಡಿಯೊ ದಿಗಂತ 26 ಕಿಲೋಮೀಟರ್. ನಡುವೆ ಗುಡ್ಡ ಅಡ್ಡ ಬರದಿದ್ದರೆ 145 ಮೆಗಾಹರ್ಟ್ಸ್ ಎಫ್‌ಎಮ್ ಸಾಕು. ಬೀಳಗಿ ಸುಮಾರು 40 ಕಿಲೋಮೀಟರ್ ದೂರ, ದಿಗಂತದ ಆಚೆ. ಅಲ್ಲಿಗೆ ಎತ್ತರದಲ್ಲೊಂದು ರಿಪೀಟರ್ ಬೇಕು. ಇಲ್ಲದಿದ್ದರೆ 7 ಮೆಗಾಹರ್ಟ್ಸ್ ಎಸ್‌ಎಸ್‌ಬಿ: 20 ಮೀಟರ್ ತಂತಿಯನ್ನು ತಲೆಯಿಂದ ಸ್ವಲ್ಪ ಎತ್ತರಕ್ಕೆ ಕಟ್ಟಿದರೆ ಅಲೆ ನೆಟ್ಟಗೆ ಮೇಲೇರಿ, ಹಗಲಿನಲ್ಲಿ ಅಯಾನುಗೋಳಕ್ಕೆ ತಾಗಿ, ಸುತ್ತಲಿನ ನೂರಾರು ಕಿಲೋಮೀಟರಿಗೆ ಮರಳಿ ಇಳಿಯುತ್ತದೆ. ನೀರು ನಿಂತ ದಾರಿ, ನಡುವಿನ ಗುಡ್ಡ ಯಾವುದೂ ಲೆಕ್ಕಕ್ಕಿಲ್ಲ. ಇದಕ್ಕೆ ಲೈಸೆನ್ಸ್ ಬೇಕು, ಆದರೆ ನಿರ್ಬಂಧಿತ ದರ್ಜೆಯ ಲೈಸೆನ್ಸ್ ಪರೀಕ್ಷೆಗೆ ಈಗ ಮೋರ್ಸ್ ಸಂಕೇತ ಕಲಿಯಬೇಕಿಲ್ಲ. ಈ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಕಾಲೇಜಿನ ಇಬ್ಬಿಬ್ಬರು ಹುಡುಗ ಹುಡುಗಿಯರು ಆ ಪರೀಕ್ಷೆ ಬರೆಯಲಿ ಎಂದು ಮಗ್ಗದ ಮನೆಯವರು ಊರ ಕಾಲೇಜುಗಳಿಗೆ ಹೇಳುತ್ತಲೇ ಇದ್ದಾರೆ. ಮಳೆಗಾಲಕ್ಕೆ ಮೊದಲೇ ಬರೆಯಲಿ ಎಂಬುದು ನನ್ನ ಮಾತು.